ಕುಸ್ತಿ ಅಖಾಡದ ಹಿಂದೆ

ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುತ್ತೇವೆ? ಕೈಗೆ ತಗೊಂಡು ಅಲ್ಲಾಡಿಸುತ್ತೇವೆ. ಒಳಗೆ ಗಡಗಡ ಅಂದರೆ ಒಣಗಿದೆ ಅಂತ ಅರ್ಥ. ಮಾಯಸಂದ್ರ, ತುರುವೇಕೆರೆ, ತಿಪಟೂರು ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬರೀ ಹೊರಗೆ ನೋಡಿ ನಾವು ನಂಬುವುದಿಲ್ಲ.

ಕುಸ್ತಿಯನ್ನೂ ಹೀಗೇ ಅಲ್ಲಾಡಿಸಿ ನೋಡೋಣ. ಜಾತ್ರೆಯಲ್ಲಿ, ದಸರೆಯಲ್ಲಿ, ಟಿ.ವಿ.ಯಲ್ಲಿ ಕುಸ್ತಿ ನೋಡುತ್ತೇವೆ. ಕಣ್ಣಿಗೆ ಕಾಣುವುದು ಸ್ವಲ್ಪ ಹೊತ್ತಿನ ಪಟ್ಟು. ಅದರ ಹಿಂದೆ ಏನು ನಡೆದಿರುತ್ತದೆ? ಯಾರು ಯಾರ ಜೊತೆ ಹಿಡಿಯಬೇಕು ಅಂತ ತೀರ್ಮಾನ ಮಾಡುವವರು ಯಾರು?

ಗರಡಿ ಮನೆಯ ಮಣ್ಣು

ಮೈಸೂರು ಕುಸ್ತಿಗೆ ಹೆಸರಾದ ಊರು. ಅಲ್ಲಿಯ ಹಳೆಯ ಬಡಾವಣೆಗಳಲ್ಲಿ ಗರಡಿ ಮನೆಗಳಿವೆ. ಗರಡಿಯಲ್ಲಿ ಆಂಜನೇಯನ ಪಟ ಇರುತ್ತದೆ. ನಡುವೆ ಕುಸ್ತಿ ಆಡುವ ಮಣ್ಣಿನ ಅಂಕಣ. ಅದಕ್ಕೆ ಮಟ್ಟಿ ಅನ್ನುತ್ತಾರೆ.

ಮಟ್ಟಿಯ ಮಣ್ಣು ಬರೀ ಮಣ್ಣಲ್ಲ. ಕೆಮ್ಮಣ್ಣು ತಂದು ಜರಡಿ ಹಿಡಿಯುತ್ತಾರೆ. ಕಲ್ಲು, ಕಡ್ಡಿ ತೆಗೆಯುತ್ತಾರೆ. ಅದಕ್ಕೆ ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಮಣ್ಣು ಮೆತ್ತಗಿದ್ದರೆ ಬಿದ್ದವರಿಗೆ ಪೆಟ್ಟು ಕಡಿಮೆ. ಮೈಗೆ ಮಣ್ಣು ಸವರಿಕೊಂಡರೆ ಬೆವರಿಗೆ ಕೈ ಜಾರುವುದಿಲ್ಲ.

ಕಲಿಸುವ ಗುರುವಿಗೆ ಉಸ್ತಾದ್ ಅಂತ ಹೆಸರು. ಪೈಲ್ವಾನರು ದಿನಾ ಬಸ್ಕಿ, ದಂಡ ಹೊಡೆದು ಸಾಮು ಮಾಡುತ್ತಾರೆ. ಅವರಿಗೆ ಹಾಲು, ತುಪ್ಪ, ಬಾದಾಮಿ ಬೇಕು. ಅದನ್ನು ಹೊಂದಿಸುವುದು ಮನೆಯವರ ಪಾಡು. ಆದರೆ ಬಹಳ ಕಾಲ ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವ ಹಾಗಿರಲಿಲ್ಲ.

ಜೋಡಿ ಕಟ್ಟುವುದು

ದಸರಾ ಕುಸ್ತಿಗೆ ಮೊದಲು ಒಂದು ಕೆಲಸ ನಡೆಯುತ್ತದೆ. ಅದು ಜೋಡಿ ಕಟ್ಟುವುದು. ಪೈಲ್ವಾನರು, ಉಸ್ತಾದರು ಒಂದು ಕಡೆ ಸೇರುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ತೂಕ ಸಮ ಇದೆಯಾ? ಎತ್ತರ, ಅನುಭವ ಸಮ ಇದೆಯಾ? ಎಲ್ಲರ ಮುಂದೆ ನೋಡುತ್ತಾರೆ. ಒಪ್ಪಿಗೆಯಾದರೆ ಜೋಡಿ ಆಯಿತು. ಇಬ್ಬರೂ ಕೈ ಕೈ ಹಿಡಿಯುತ್ತಾರೆ.

ನಾಡಕುಸ್ತಿಯ ನಿಯಮ ಸುಲಭ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಗೆಲುವು. ಅದಕ್ಕೆ ಚಿತ್ ಮಾಡುವುದು ಅನ್ನುತ್ತಾರೆ. ಇಲ್ಲಿ ಜೋಡಿ ಯಾರು ಅಂತ ಮೊದಲೇ ಗೊತ್ತು. ಗೆಲ್ಲುವವರು ಯಾರು ಅಂತ ಗೊತ್ತಿಲ್ಲ.

ಟಿ.ವಿ. ಕುಸ್ತಿಯ ಒಳಗುಟ್ಟು

ಟಿ.ವಿ.ಯಲ್ಲಿ ಬರುವ ಅಮೆರಿಕದ ಕುಸ್ತಿ ಬೇರೆ. ಬಣ್ಣದ ಬಟ್ಟೆ, ಕೂಗಾಟ, ಕುರ್ಚಿಯಲ್ಲಿ ಹೊಡೆಯುವುದು, ಹಗ್ಗದ ಮೇಲಿಂದ ಹಾರುವುದು. ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತವೆ.

ಇದರಲ್ಲಿ ಗೆಲ್ಲುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ನಮ್ಮೂರ ನಾಟಕದಲ್ಲಿ ಭೀಮ ಗೆಲ್ಲುತ್ತಾನೆ ಅಂತ ಮೊದಲೇ ಗೊತ್ತಿರುತ್ತದಲ್ಲ, ಹಾಗೆ. ಬಹಳ ವರ್ಷ ಈ ಗುಟ್ಟನ್ನು ಅವರು ಹೊರಗೆ ಬಿಡಲಿಲ್ಲ. 1989ರಲ್ಲಿ ಡಬ್ಲ್ಯು.ಡಬ್ಲ್ಯು.ಎಫ್. ಎಂಬ ದೊಡ್ಡ ಕಂಪನಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಗೆ ತಿಳಿಸಿತು: ಇದು ಪಂದ್ಯವಲ್ಲ, ಮನರಂಜನೆ. ಯಾಕೆ ಒಪ್ಪಿಕೊಂಡಿತು ಗೊತ್ತಾ? ಪಂದ್ಯ ಅಂದರೆ ಸರ್ಕಾರದ ನಿಯಮ, ತೆರಿಗೆ ಎಲ್ಲಾ ಬರುತ್ತದೆ. ಮನರಂಜನೆ ಅಂದರೆ ಆ ಭಾರ ಇಲ್ಲ.

ಗುದ್ದುವಾಗ ಅವರು ಕಾಲಿನಿಂದ ಹಲಗೆ ತುಳಿದು ಸದ್ದು ಮಾಡುತ್ತಾರೆ. ಬೀಳುವುದನ್ನು ವರ್ಷಗಟ್ಟಲೆ ಕಲಿತಿರುತ್ತಾರೆ. ಆದರೂ ನೋವು ನಾಟಕವಲ್ಲ. 1999ರಲ್ಲಿ ಓವನ್ ಹಾರ್ಟ್ ಎಂಬ ಕುಸ್ತಿಪಟುವನ್ನು ಸೂರಿನ ಕಡೆಯಿಂದ ಹಗ್ಗದಲ್ಲಿ ಇಳಿಸುತ್ತಿದ್ದರು. ಕಟ್ಟು ಬಿಟ್ಟುಕೊಂಡಿತು. ಬಿದ್ದು ತೀರಿಹೋದರು. ಮಂಚದ ಮೇಲಿಂದ ತಮ್ಮನ ಮೇಲೆ ಹಾರುವ ಮಗುವಿಗೆ ಈ ಮಾತು ಹೇಳಿ. ಕಲಿತವರಿಗೇ ಹೀಗಾಯಿತು ಅಂತ ತಿಳಿಸಿ.

ಹಮೀದಾ ಬಾನು

ಈಗ ಒಬ್ಬ ಹೆಣ್ಣುಮಗಳ ಕತೆ ಕೇಳಿ. ಇವರ ಹೆಸರು ಹಮೀದಾ ಬಾನು. ಉತ್ತರ ಪ್ರದೇಶದವರು. ಸಲಾಮ್ ಪೈಲ್ವಾನ್ ಎಂಬ ಗುರುವಿನ ಹತ್ತಿರ ಅಲಿಗಢದಲ್ಲಿ ಕುಸ್ತಿ ಕಲಿತರು. ಗಂಡಸರ ಜೊತೆಯೇ ಹಿಡಿಯುತ್ತಿದ್ದರು. 1954ರಲ್ಲಿ ಒಂದು ಸವಾಲು ಹಾಕಿದರು: ಕುಸ್ತಿಯಲ್ಲಿ ನನ್ನನ್ನು ಸೋಲಿಸಿದವನನ್ನು ಮದುವೆ ಆಗುತ್ತೇನೆ!

ಅದೇ ವರ್ಷ ಮೇ ತಿಂಗಳಲ್ಲಿ ಬರೋಡಾದಲ್ಲಿ ಪಂದ್ಯ ಏರ್ಪಾಡಾಯಿತು. ಹಿಡಿಯಬೇಕಾಗಿದ್ದ ಪೈಲ್ವಾನ್ ಹೆಂಗಸಿನ ಜೊತೆ ಆಡಲ್ಲ ಅಂತ ಹಿಂದೆ ಸರಿದ. ಬಾಬಾ ಪೈಲ್ವಾನ್ ಎಂಬಾತ ಮುಂದೆ ಬಂದ. 1 ನಿಮಿಷ 34 ಸೆಕೆಂಡಿನಲ್ಲಿ ಹಮೀದಾ ಬಾನು ಗೆದ್ದರು.

ಎಲ್ಲರೂ ಚಪ್ಪಾಳೆ ಹೊಡೆಯಲಿಲ್ಲ. ಕೊಲ್ಲಾಪುರದಲ್ಲಿ ಒಬ್ಬ ಗಂಡಸನ್ನು ಸೋಲಿಸಿದಾಗ ಜನ ಕಲ್ಲು ತೂರಿದರು. ಪುಣೆಯಲ್ಲಿ ಪಂದ್ಯವನ್ನೇ ನಿಲ್ಲಿಸಿದರು. ಹಮೀದಾ ಬಾನು ಮುಂಬಯಿ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಅವರಿಗೆ ದೂರು ಬರೆದರು. ಹೆಂಗಸು ಅಂತ ನಿಲ್ಲಿಸಿಲ್ಲ, ಪಂದ್ಯ ಏರ್ಪಾಡು ಮಾಡುವವರು ಸುಳ್ಳು ಪೈಲ್ವಾನರನ್ನು ತಂದು ನಿಲ್ಲಿಸುತ್ತಾರೆ ಅಂತ ದೂರು ಬಂದಿದೆ ಎಂದು ಉತ್ತರ ಬಂತು.

ಮುಂಬಯಿಯಲ್ಲಿ ರಷ್ಯಾದ ಕುಸ್ತಿಗಾರ್ತಿ ವೆರಾ ಚಿಸ್ಟಿಲಿನ್ ಅವರನ್ನು ಒಂದು ನಿಮಿಷದೊಳಗೆ ಸೋಲಿಸಿದರು. ಯುರೋಪಿಗೆ ಹೋಗಿ ಆಡುತ್ತೇನೆ ಅಂದರು. ಆಮೇಲೆ ಅಖಾಡದಿಂದಲೇ ಮಾಯವಾದರು.

ಏನಾಯಿತು? ಯುರೋಪಿಗೆ ಹೋಗುವುದು ಗುರುವಿಗೆ ಇಷ್ಟ ಇರಲಿಲ್ಲ, ತಡೆಯಲು ಹೊಡೆದು ಕೈ ಮುರಿದರು ಎಂದು ಹಮೀದಾ ಬಾನು ಅವರ ಮೊಮ್ಮಗ ಹೇಳಿದ್ದಾರೆ. ಮುಂದೆ ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಹಾಲು ಮಾರಿ ಬದುಕಿದರು. 1986ರಲ್ಲಿ ತೀರಿಕೊಂಡರು. ಸಾವಿರಾರು ಜನರ ಮುಂದೆ ಸೋಲದವರು ಮನೆಯ ಗೋಡೆಯೊಳಗೆ ಏಟು ತಿಂದರು. ಆ ಏಟನ್ನು ನೋಡಲು ಟಿಕೆಟ್ ಕೊಂಡವರು ಯಾರೂ ಇರಲಿಲ್ಲ.

ಇಂದಿನ ಹುಡುಗಿಯರು

2004ರಿಂದ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಕುಸ್ತಿ ಇದೆ. 2016ರಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಕಂಚಿನ ಪದಕ ಗೆದ್ದರು. ನಮ್ಮ ಗದಗ, ಧಾರವಾಡ, ಹಳಿಯಾಳದ ಕಡೆಯಿಂದಲೂ ಹುಡುಗಿಯರು ಅಖಾಡಕ್ಕೆ ಬಂದಿದ್ದಾರೆ. ಮೈಸೂರು ದಸರೆಯಲ್ಲಿ ಗೆದ್ದ ಹುಡುಗಿಗೆ ದಸರಾ ಕಿಶೋರಿ ಎಂಬ ಬಿರುದು ಇದೆ.

2023ರಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಮೊದಲಾದವರು ದೆಹಲಿಯ ಬೀದಿಯಲ್ಲಿ ಧರಣಿ ಕೂತರು. ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರು ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದಾರೆ ಎಂಬುದು ಅವರ ದೂರು. ಅಧ್ಯಕ್ಷರು ಅದು ಸುಳ್ಳು ಅಂದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಆ ವರ್ಷದ ಕೊನೆಗೆ ಸಾಕ್ಷಿ ತಮ್ಮ ಬೂಟುಗಳನ್ನು ಮೇಜಿನ ಮೇಲಿಟ್ಟು, ಇನ್ನು ಕುಸ್ತಿ ಆಡಲ್ಲ ಅಂತ ಕಣ್ಣೀರು ಹಾಕಿದರು.

ಹಮೀದಾ ಬಾನು ಅವರಿಗೆ ಆದದ್ದು ಲೋಕಕ್ಕೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಈ ಹುಡುಗಿಯರು ತಾವೇ ಬಂದು ಬಾಯಿ ಬಿಟ್ಟು ಹೇಳಿದರು. ಅಷ್ಟು ದೂರ ಬಂದಿದ್ದೇವೆ. ಇನ್ನೂ ದೂರ ಹೋಗಬೇಕಾಗಿದೆ.

ಮೈಸೂರಿನಲ್ಲಿ ಜೋಡಿ ಕಟ್ಟುವುದು ಎಲ್ಲರ ಕಣ್ಣ ಮುಂದೆ. ಯಾವ ಕೆಲಸದಲ್ಲೇ ಆಗಲಿ, ತೀರ್ಮಾನ ಹಾಗೆ ಆದರೆ ಮೋಸಕ್ಕೆ ಜಾಗ ಕಡಿಮೆ. ತೀರ್ಮಾನ ಮಾಡಿದವರು ಯಾರು, ಎಲ್ಲಿ ಕೂತು ಮಾಡಿದರು ಅಂತ ಕೇಳುವುದನ್ನು ನಾವೂ ಕಲಿಯೋಣ.

ಹೊಸ ಪದಗಳು

ಅಖಾಡ – ಕುಸ್ತಿ ಆಡುವ ಜಾಗ
ಸಾಮು – ಮೈ ಪಳಗಿಸುವ ಕಸರತ್ತು
ಎದುರಾಳಿ – ಎದುರು ನಿಂತು ಆಡುವವರು
ಧರಣಿ – ನ್ಯಾಯ ಕೇಳಿ ಒಂದು ಕಡೆ ಕೂರುವುದು

ಮಾತಾಡೋಣ

1. ಟಿ.ವಿ. ಕುಸ್ತಿಗೂ ದಸರಾ ಕುಸ್ತಿಗೂ ಇರುವ ದೊಡ್ಡ ವ್ಯತ್ಯಾಸ ಏನು?
2. ಹಮೀದಾ ಬಾನು ಅವರಿಗೆ ಏಟು ಬಿದ್ದಾಗ ಯಾರು ಅವರ ನೆರವಿಗೆ ಬರಬಹುದಿತ್ತು?
3. ನಮ್ಮ ಊರಿನಲ್ಲಿ ಎಲ್ಲರ ಮುಂದೆ ತೀರ್ಮಾನ ಆಗುವ ಕೆಲಸ ಯಾವುದು? ನಮಗೆ ತಿಳಿಯದ ಹಾಗೆ ಆಗುವುದು ಯಾವುದು? ಒಂದೊಂದು ಸಾಲು ಬರೆಯಿರಿ.