ಮ್ಯಾಂಚೆಸ್ಟರ್: ಜಮೀನ್ದಾರಿ ಕೋರ್ಟಿನಿಂದ ನಗರಸಭೆಗೆ

ಹತ್ತಿ ಗಿರಣಿಗಳಿಂದ ಜಗತ್ಪ್ರಸಿದ್ಧವಾದ ಮ್ಯಾಂಚೆಸ್ಟರ್‌ಗೆ 1838ರವರೆಗೆ ಸ್ವಂತ ನಗರಸಭೆಯೇ ಇರಲಿಲ್ಲ. ಮಧ್ಯಯುಗದ ಪಳೆಯುಳಿಕೆಯಾದ ‘ಕೋರ್ಟ್ ಲೀಟ್’ ಎಂಬ ಜಮೀನ್ದಾರಿ ಸಭೆಯೇ ಅಧಿಕಾರಿಗಳನ್ನು ನೇಮಿಸುತ್ತಿತ್ತು. ಅದರ ಹಕ್ಕು ಮೋಸ್ಲಿ ಮನೆತನದ್ದು. ಗಿರಣಿ ಕಾರ್ಮಿಕರು ಸಾವಿರಗಟ್ಟಲೆ ಬಂದು ನೆಲಮಾಳಿಗೆಗಳಲ್ಲೂ ತುಂಬಿಕೊಂಡ ಊರನ್ನು ನಿಭಾಯಿಸಲು ಈ ವ್ಯವಸ್ಥೆಗೆ ಎಲ್ಲಿಂದ ಸಾಧ್ಯ?

1792ರ ಕಾಯ್ದೆಯಿಂದ ಪೊಲೀಸ್ ಕಮಿಷನರ್‌ಗಳ ಮಂಡಳಿ ಬಂತು. ಬೀದಿ ಗುಡಿಸುವುದು, ದೀಪ ಹಚ್ಚುವುದು, ರಾತ್ರಿ ಕಾವಲು ಅದರ ಹೊಣೆ. ಇದರ ನಿಜವಾದ ಸಾಧನೆ ಗ್ಯಾಸ್. 1807ರಲ್ಲಿ ಪೊಲೀಸ್ ಕಚೇರಿಯ ಬಾಗಿಲ ಮೇಲೆ ಒಂದೇ ಒಂದು ಗ್ಯಾಸ್ ದೀಪ ಉರಿಯಿತು. 1817ರಲ್ಲಿ ಮಂಡಳಿಯೇ ಗ್ಯಾಸ್ ಕಾರ್ಖಾನೆ ತೆರೆಯಿತು. ಖಾಸಗಿ ಕಂಪನಿಗಳ ಆ ಕಾಲದಲ್ಲಿ ಇದು ಅಪರೂಪದ, ದಿಟ್ಟ ಹೆಜ್ಜೆ. ಅದರ ಲಾಭ ರಸ್ತೆ ಅಗಲೀಕರಣದಂಥ ನಗರ ಸುಧಾರಣೆಗೆ ಸಂದಿತು.

1832ರ ಸುಧಾರಣಾ ಕಾಯ್ದೆಯಿಂದ ಮ್ಯಾಂಚೆಸ್ಟರ್‌ಗೆ ಸಂಸತ್ತಿನಲ್ಲಿ 2 ಸ್ಥಾನ. 1835ರ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯಿಂದ ನಗರಸಭೆಗೆ ದಾರಿ. ನಗರಸಭೆಗಾಗಿ ನಡೆದ ಹೋರಾಟದ ಮುಂದಾಳು ರಿಚರ್ಡ್ ಕಾಬ್ಡನ್, ಮೊದಲ ಮೇಯರ್ ಥಾಮಸ್ ಪಾಟರ್. ಪರೀಕ್ಷೆಯ ದೃಷ್ಟಿಯಿಂದ 1835 ಮತ್ತು 1838ನ್ನು ಅದಲುಬದಲು ಮಾಡಿಕೊಳ್ಳಬೇಡಿ: ಮೊದಲನೆಯದು ಕಾಯ್ದೆ, ಎರಡನೆಯದು ಮ್ಯಾಂಚೆಸ್ಟರ್‌ಗೆ ನಗರಸಭೆ ಕೊಟ್ಟ ಸನದು. ಮೋಸ್ಲಿ ಮನೆತನದ ಹಕ್ಕುಗಳನ್ನು ನಗರಸಭೆ 1846ರಲ್ಲಿ 2 ಲಕ್ಷ ಪೌಂಡ್‌ಗೆ ಕೊಂಡುಕೊಂಡಿತು.