ಮೆಕ್ಕೆಜೋಳಕ್ಕೆ ನೀರು: ಎಷ್ಟು, ಯಾವಾಗ?

ಹಿರಿಯೂರು ಪಕ್ಕದ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ಇರುವುದು ಮಧ್ಯ ಒಣ ವಲಯದಲ್ಲಿ. ಇಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ಮೆಕ್ಕೆಜೋಳ ಒಂದೇ ಬೆಳೆಗೆ 500ರಿಂದ 800 ಮಿ.ಮೀ. ನೀರು ಬೇಕು. ಹಾಗಾಗಿ ಇರುವ ನೀರನ್ನು ಯಾವ ವಾರಕ್ಕೆ ಮೀಸಲಿಡುತ್ತೀರಿ ಎಂಬುದರ ಮೇಲೆ ಇಳುವರಿ ನಿಂತಿದೆ.

1. ಬೋರ್‌ವೆಲ್ ನೋಡಿ ಬಿತ್ತಿ. ಎಕರೆಗೆ 50 ಮಿ.ಮೀ. ನೀರೆಂದರೆ ಸುಮಾರು 2 ಲಕ್ಷ ಲೀಟರ್. ಗಂಟೆಗೆ 5,000 ಲೀಟರ್ ಎತ್ತುವ ಪಂಪು 40 ಗಂಟೆ ಓಡಬೇಕು. ದಿನಕ್ಕೆ 7 ಗಂಟೆ ಕರೆಂಟ್ ಸಿಕ್ಕರೂ ಆರು ದಿನ ಬೇಕು. ಮೂರು ಎಕರೆ ಬಿತ್ತಿದರೆ ಸರದಿ ಮುಗಿಯುವ ಹೊತ್ತಿಗೆ ಮೊದಲ ಎಕರೆ ಬಾಡಿರುತ್ತದೆ.

2. ಕೆಂಪು ಮಣ್ಣಿಗೆ ಸ್ವಲ್ಪ ಸ್ವಲ್ಪವಾಗಿ, ಬೇಗ ಬೇಗ ಕೊಡಿ. ಎರೆ ಹೊಲ ಹೆಚ್ಚು ದಿನ ತಡೆಯುತ್ತದೆ.

3. ಎಳೆ ಪೈರಿನ ಬುಡದಲ್ಲಿ ನೀರು ನಿಲ್ಲಬಾರದು. ಮೊಣಕಾಲೆತ್ತರ ಬರುವ ತನಕ ಪೈರಿನ ಬೆಳೆಯುವ ಸುಳಿ ನೆಲದೊಳಗೇ ಇರುತ್ತದೆ. ಎರಡು ಮೂರು ದಿನ ನೀರು ನಿಂತರೆ ಸಾಯುತ್ತದೆ. ಬೋದು ಸಾಲು ಮಾಡಿ, ಬಸಿಗಾಲುವೆ ತೆಗೆಯಿರಿ.

4. ಸೂಲಂಗಿ ಬಂದಾಗ ನೀರು ತಪ್ಪಿಸಲೇಬೇಡಿ. ಬಿತ್ತಿದ 50ರಿಂದ 65 ದಿನಗಳ ಆಸುಪಾಸಿನ ಈ ಅವಧಿಯೇ ಬೆಳೆಯ ಹಣೆಬರಹ ಬರೆಯುತ್ತದೆ. ನೀರು ಸಾಲದಿದ್ದರೆ ಸೂಲಂಗಿ ಪರಾಗ ಉದುರಿಸುತ್ತದೆ, ಆದರೆ ತೆನೆಯ ರೇಷ್ಮೆ ಎಳೆಗಳು ತಡವಾಗಿ ಹೊರಬರುತ್ತವೆ. ಒಂದೊಂದು ಎಳೆಗೂ ಒಂದೊಂದು ಕಾಳು. ಪರಾಗ ತಾಗದ ಎಳೆಯ ಜಾಗ ತೆನೆಯಲ್ಲಿ ಖಾಲಿ. ಆಮೇಲೆ ಎಷ್ಟು ಹಾಯಿಸಿದರೂ ಆ ಕಾಳು ಬರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ, ಹೂಬಿಡುವ ಹಂತದಲ್ಲಿ ಬೆಳೆಗೆ ಸಿಗುವ ನೀರು ಶೇ 10 ತಗ್ಗಿದರೆ ಇಳುವರಿ ಶೇ 15ರಷ್ಟು ಕುಸಿಯುತ್ತದೆ. ಅದೇ ಕೊರತೆ ಅದಕ್ಕೂ ಮೊದಲಿನ ಬೆಳವಣಿಗೆಯ ಹಂತದಲ್ಲಾದರೆ ನಷ್ಟ ಶೇ 4 ಮಾತ್ರ. ನೀರು ಉಳಿಸಲೇಬೇಕಾದರೆ ಅಲ್ಲಿ ಉಳಿಸಿ.

5. ಹಾಲುಗಾಳಿನ ಹಂತಕ್ಕೂ ಒಂದು ಸರದಿ ಇರಲಿ. ಇಲ್ಲದಿದ್ದರೆ ಕಾಳು ಜೊಳ್ಳಾಗಿ ತೂಕ ಬಾರದು.

6. ನಾಲೆ ತುಂಬಿದೆ ಎಂದು ಹೊಲ ತುಂಬಿಸಬೇಡಿ. ಇಲ್ಲಿನ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ ಕೋಡಿ ಬಿದ್ದದ್ದು 89 ವರ್ಷಗಳ ನಂತರ. ಅಂಥ ಅಪರೂಪದ ನೀರನ್ನು ಅತಿಯಾಗಿ ಹಾಯಿಸಿದರೆ ಯೂರಿಯಾ ಬೇರಿನಿಂದ ಕೆಳಕ್ಕಿಳಿದುಹೋಗುತ್ತದೆ, ಎಲೆ ಹಳದಿಯಾಗುತ್ತದೆ.

7. ಕಾಳಿನ ಬುಡದಲ್ಲಿ ಕಪ್ಪು ಪದರ ಕಂಡರೆ ಬೆಳೆ ಬಲಿತಿದೆ. ಅಲ್ಲಿಗೆ ನೀರು ನಿಲ್ಲಿಸಿ, ಪಂಪನ್ನು ಮುಂದಿನ ಬೆಳೆಗೆ ತಿರುಗಿಸಿ.