ತರಗತಿಯ ಓದಿಗೆ ಡಿಜಿಟಲ್ ಸಾಧನ: ಖರೀದಿಗೆ ಮುನ್ನ ಸದಸ್ಯರು ಗಮನಿಸಬೇಕಾದ ಅಂಶಗಳು

ಶಾಲೆಗೆ ಸ್ಮಾರ್ಟ್ ಟಿ.ವಿ. ಅಥವಾ ಟ್ಯಾಬ್ ಒದಗಿಸುವ ಪ್ರಸ್ತಾವನೆಯು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಬಂದಾಗ ಚರ್ಚೆಯು ಬಹುತೇಕ ಪರದೆಯ ಅಳತೆ, ದರಪಟ್ಟಿ ಹಾಗೂ ಅನುದಾನದ ಲಭ್ಯತೆಗೆ ಸೀಮಿತವಾಗುತ್ತದೆ. ಆ ಸಾಧನದಿಂದ ನಾಲ್ಕನೆಯ ತರಗತಿಯ ಮಗುವು ದಿನಕ್ಕೆ ಎಷ್ಟು ನಿಮಿಷ ಗಟ್ಟಿಯಾಗಿ ಓದಲಿದೆ ಎಂದು ಕೇಳುವವರು ವಿರಳ. ಮಂಜೂರಾತಿಗೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿದೆ.

ಕನ್ನಡ ಓದುವ ಮಗು ಹೆಚ್ಚಾಗಿ ಎಡವುವುದು ಬಿಡಿ ಅಕ್ಷರಗಳಲ್ಲಿ ಅಲ್ಲ, ಕಾಗುಣಿತ ಮತ್ತು ಒತ್ತಕ್ಷರಗಳಲ್ಲಿ. ‘ರಾಷ್ಟ್ರ’, ‘ವ್ಯವಸಾಯ’ ಮುಂತಾದ ಪದಗಳನ್ನು ಬಿಡಿಸುವುದರಲ್ಲಿಯೇ ಗಮನವೆಲ್ಲ ವ್ಯಯವಾದರೆ, ವಾಕ್ಯ ಮುಗಿಯುವ ವೇಳೆಗೆ ಅದರ ಆರಂಭವೇ ಮರೆತಿರುತ್ತದೆ. ಇದಕ್ಕೆ ಪರಿಹಾರವೆಂದರೆ ಒಂದೇ ಪುಟವನ್ನು, ಯಾರಾದರೂ ಕೇಳುತ್ತಿರುವಾಗ, ಪುನಃ ಪುನಃ ಓದುವುದು. ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಿರ್ವಹಿಸುವ ಶಿಕ್ಷಕರು ಪ್ರತಿ ಮಗುವಿನ ಓದನ್ನು ಪ್ರತಿದಿನ ಕೇಳಲಾರರು. ಸಾಧನವು ನೆರವಾಗಬೇಕಾದದ್ದು ಇಲ್ಲಿಯೇ.

1996ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಬ್ರಿಜ್ ಕೊಠಾರಿ ಅವರು ಸರಳ ವಿಧಾನವೊಂದನ್ನು ಮುಂದಿಟ್ಟರು. ಹಾಡಿನ ಸಾಹಿತ್ಯವು ಅದೇ ಭಾಷೆಯಲ್ಲಿ ಪರದೆಯ ಮೇಲೆ ಮೂಡಿ, ಹಾಡುತ್ತಿರುವ ಪದದ ಬಣ್ಣ ಬದಲಾಗುತ್ತ ಸಾಗುತ್ತದೆ. ದೂರದರ್ಶನದ ‘ಚಿತ್ರಹಾರ್’ ಕಾರ್ಯಕ್ರಮದಲ್ಲಿಯೂ ಇದು ಬಳಕೆಗೆ ಬಂದಿತು. ಮಕ್ಕಳಿಗೆ ಕಂಠಪಾಠವಿರುವ ಹಾಡನ್ನೇ ಆರಿಸಿಕೊಂಡರೆ ಕಣ್ಣು ತಾನಾಗಿ ಅಕ್ಷರವನ್ನು ಹಿಂಬಾಲಿಸುತ್ತದೆ. ಅಂತರ್ಜಾಲವೂ ಬೇಡ, ಪೆನ್‌ಡ್ರೈವ್ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಓದಿನ ಹಂತಕ್ಕನುಗುಣವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ, ಇಳಿಸಿಕೊಂಡು ಮುದ್ರಿಸಲೂಬಹುದು.

ಇವೆರಡಕ್ಕಿಂತ ಉಪಯುಕ್ತವಾದುದು ಸಾಧಾರಣ ಮೊಬೈಲಿನ ಧ್ವನಿಮುದ್ರಣ ಸೌಲಭ್ಯ. ಮಗು ಒಂದು ನಿಮಿಷ ಓದಿದ್ದನ್ನು ಮುದ್ರಿಸಿ ಅದಕ್ಕೇ ಕೇಳಿಸಿದರೆ, ತಡವರಿಸಿದ ಸ್ಥಳವನ್ನು ಮಗುವೇ ಗುರುತಿಸುತ್ತದೆ. ಜೂನ್ ಹಾಗೂ ಡಿಸೆಂಬರ್ ತಿಂಗಳ ಮುದ್ರಣಗಳನ್ನು ಹೋಲಿಸಿದಾಗ ಪ್ರಗತಿಯು ಕಿವಿಗೇ ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನವು ಮೂರನೆಯ ತರಗತಿಯ ಅಂತ್ಯಕ್ಕೆ ನಿಮಿಷಕ್ಕೆ ಕನಿಷ್ಠ 60 ಪದಗಳ ಗುರಿಯನ್ನು ಸೂಚಿಸುತ್ತದೆ. ಆದರೆ ಕನ್ನಡದಲ್ಲಿ ‘ಹೋಗುತ್ತಿದ್ದಾನಂತೆ’ ಎಂಬುದು ಒಂದೇ ಪದ. ಆದ್ದರಿಂದ ಸಂಖ್ಯೆಯೊಂದನ್ನೇ ಹಿಡಿದು ಶಿಕ್ಷಕರನ್ನು ಪ್ರಶ್ನಿಸುವುದು ಸೂಕ್ತವಲ್ಲ; ಓದಿದ ಕಥೆಯನ್ನು ಮಗು ತನ್ನ ಮಾತಿನಲ್ಲಿ ಹೇಳಬಲ್ಲುದೇ ಎಂಬುದನ್ನೂ ವಿಚಾರಿಸತಕ್ಕದ್ದು.

ಪಂಚಾಯಿತಿಯ ಪಾತ್ರವು ಖರೀದಿಯೊಂದಿಗೆ ಮುಗಿಯುವುದಿಲ್ಲ. ಭೂಸಂಪರ್ಕವಿಲ್ಲದ ವಿದ್ಯುತ್ ಮಾರ್ಗಕ್ಕೆ ಜೋಡಿಸಿದ ಉಪಕರಣ ಬಹುಕಾಲ ಬಾಳದು. ಕಳವಿನ ಭಯದಿಂದ ಬೀರುವಿನಲ್ಲಿಟ್ಟ ಟ್ಯಾಬ್ ಯಾರಿಗೂ ಓದು ಕಲಿಸದು. ವೈರಿಂಗ್ ದುರಸ್ತಿ, ಬ್ಯಾಟರಿ, ವಾರ್ಷಿಕ ನಿರ್ವಹಣೆಯ ವೆಚ್ಚವನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿಯೇ ಸೇರಿಸುವುದು ಉಚಿತ. ಸಾಧನವನ್ನು ಯಾವ ತರಗತಿ, ಯಾವ ಅವಧಿಯಲ್ಲಿ ಬಳಸಲಿದೆ ಎಂಬ ವೇಳಾಪಟ್ಟಿಯನ್ನು ಮುಖ್ಯ ಶಿಕ್ಷಕರಿಂದ ಪಡೆದು ಪ್ರಸ್ತಾವನೆಗೆ ಲಗತ್ತಿಸಬಹುದಾಗಿದೆ. ಶಾಲೆಯ ವೇಳೆಯ ನಂತರದ ಓದಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದ್ದೇ ಇದೆ.

ಮಕ್ಕಳ ಓದಿನ ಧ್ವನಿಮುದ್ರಣಗಳನ್ನು ಗ್ರಾಮದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೊಳ್ಳತಕ್ಕದ್ದಲ್ಲ. ಒಮ್ಮೆ ನಗೆಗೀಡಾದ ಮಗು ಮತ್ತೆ ಗಟ್ಟಿಯಾಗಿ ಓದಲು ಹಿಂಜರಿಯುತ್ತದೆ.